ಡ್ರಮ್ ಇಲ್ಲದ ಹಾಡು

ನವೆಂಬರ್ ೯, ಭಾನುವಾರ. ಡೆಟ್ರಾಯಿಟ್.

ನಮ್ಮ ಹೊಸ ಆಲ್ಬಮ್ಮಿನ ಮೊದಲ ಹಾಡನ್ನು ನಾನೂ ತಮ್ಮ ರೆನಾರ್ಡನೂ ಇವತ್ತು ನಾವು ಡಿಜೆಗಳಾಗಿರುವ ಕ್ಲಬ್ಬಿನಲ್ಲಿ, ಎಂದಿನಂತೆ ಯಾರ ಹಾಡೆಂದು ಹೇಳದೆ, ಹಾಕಿ ನೋಡಿದೆವು. ಇಷ್ಟು ವರ್ಷ ನಮ್ಮನ್ನು ಸಾಕಿದ ಡ್ರಮ್ ಅದರಲ್ಲಿಲ್ಲ. ಆರ್ಗನ್ ಮತ್ತು ನನ್ನ ದನಿ, ಅಷ್ಟೆ. ಕುಣಿಯುತ್ತಿದ್ದವರೆಲ್ಲ ನಿಂತುಬಿಟ್ಟರು.

"ಏನೇ ಒಡೆಸಾ, ಸ್ಪೀಕರ್ ಕೆಟ್ಟೋಯ್ತಾ?" ಲೊರೆಟಾ ಆಂಟಿ ಕೂಗಿದರು. ನಾವು ಹಾಡು ಹಾಕುವ ಒಂದು ರಾತ್ರಿಯನ್ನೂ ತಪ್ಪಿಸದವರು.

"ಹೂಂ ಆಂಟಿ, ವೈರು ಸಡಿಲ ಆಗಿದೆ," ಅಂದುಬಿಟ್ಟೆ. ಹೆದರಿ, ನಮ್ಮ ಹಳೆಯ ಹಾಡೊಂದರ ಡ್ರಮ್ಮನ್ನು ಈ ಹಾಡಿನ ಜೊತೆಗೇ ಸೇರಿಸಿ ಹಾಕಿದೆ. ಎಲ್ಲರೂ ಹೋ ಎಂದು ಕುಣಿದರು.

"ಯಾಕಕ್ಕಾ ಸುಳ್ ಹೇಳ್ದೆ? ಅದು ನಿನ್ ದನಿ ಕಣೆ," ಅಂದ ರೆನಾರ್ಡ್.

ಡ್ರಮ್ ಇಲ್ಲದ ಈ ಹಾಡಿಗೆ ಬೆಳಿಗ್ಗೆ ರೆಕಾರ್ಡ್ ಅಚ್ಚು ಹಾಕುವ ಕಾರ್ಖಾನೆಯವರಿಗೆ ಹೂಂ ಅನ್ನಬೇಕು. ಜನ ನಿಂತಾಗ ಹೆದರಿದೆ, ನಿಜ. ಈಗ ನಿದ್ದೆ ಕೆಡಿಸುತ್ತಿರುವುದು ಬೇರೆಯೇ. ಡ್ರಮ್ ಬಂದ ಕೂಡಲೇ ಎಲ್ಲರಿಗಿಂತ ಮೊದಲು ಕುಣಿದದ್ದು ನನ್ನ ಕಾಲು.