ದಿಮ್ಮಿಯ ಮೇಲಿನ ಮೋಟಾರು

ವಿಜಾಪುರ
ಗುರುವಾರ, ೧೮ ಅಕ್ಟೋಬರ್ ೧೯೪೫

ನಮ್ಮ ಮನೆಯವರಿಗೆ ಅಕ್ಕನಾಗಮ್ಮನ ಶರಣು.

ನಿಮ್ಮ ಕೆಮ್ಮು ಈಗ ಹೇಗಿದೆ? ಪುಣೆಯ ಸೈನ್ಯದ ಛಾವಣಿಯಲ್ಲಿ ಜೋಳದ ರೊಟ್ಟಿ ಸಿಗುತ್ತದೆಯೋ ಅಥವಾ ಇನ್ನೂ ಆ ಡಬ್ಬಿಯ ಬಿಸ್ಕೀಟನ್ನೇ ಕಡಿಯುತ್ತಿದ್ದೀರೋ? ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯವರಿಗೆ ಮೊಣಕಾಲು ನೋವು ಇದ್ದೇ ಇದೆ, ದನಿಗೆ ಮಾತ್ರ ಯಾವ ನೋವೂ ಇಲ್ಲ. ಬನ್ನಿ ಹಬ್ಬದ ಎಲೆಗಳನ್ನು ಈ ಪತ್ರದೊಳಗೆ ಇಟ್ಟಿದ್ದೇನೆ. ನೀವಿದ್ದಿದ್ದರೆ ಕಾಲು ಮುಟ್ಟಿ ಕೈಗೇ ಕೊಡುತ್ತಿದ್ದೆ.

ನಿಮ್ಮ ಪತ್ರ ಹಬ್ಬಕ್ಕೆ ಮೊದಲೇ ತಲುಪಿತು. ಯುದ್ಧ ಮುಗಿಯಿತು, ಸೈನ್ಯದಿಂದ ಬಿಡುತ್ತಾರೆ, ಆದರೆ ಊರಿಗೆ ಬರುವುದಿಲ್ಲ, ಪುಣೆಯಲ್ಲೇ ಮೋಟಾರು ದುರಸ್ತಿಯ ಕೆಲಸ ಹಿಡಿಯುತ್ತೇನೆ ಎಂದು ಬರೆದಿದ್ದೀರಿ. ನಮ್ಮ ಮೋಟಾರು ಗಾಡಿಯನ್ನು ದಿಮ್ಮಿಯಿಂದ ಇಳಿಸಿ ತಿಕೋಟಾದ ಚಮನಸಾಬ ಕಾಕಾನಿಗೆ ಕೊಟ್ಟುಬಿಡಲು ನಿಮ್ಮ ತಮ್ಮ ಧೂಳಪ್ಪನಿಗೆ ಹೇಳಿದ್ದೀರಿ. ಅತ್ತೆಯವರಿಗೆ ಅದನ್ನು ಓದಿ ಹೇಳಿದವಳು ನಾನೇ. ಓದುತ್ತಾ ಓದುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡೆ. ಒಲೆಯ ಹೊಗೆ ಎಂದೆ. ಒಲೆ ಹಚ್ಚಿರಲೇ ಇಲ್ಲ.

ಆ ಗಾಡಿಯಲ್ಲಿ ಮೊದಲ ಸಲ ಬಬಲೇಶ್ವರದ ಸಂತೆಗೆ ಹೋದದ್ದು ನೆನಪಿದೆಯೇ? ಹೊಸ ಮದುವಣಗಿತ್ತಿ ಎಂದು ನನ್ನನ್ನು ಮುಂದೆ ಕೂಡಿಸಿದಿರಿ. ಹಿಂದೆ ಜಾಗ ಸಾಲದೆ ಯಾರದೋ ಎರಡು ಕೋಳಿ ನನ್ನ ತೊಡೆಯ ಮೇಲೆ ಬಂದು ಕೂತವು. ತಿರುಗಿ ಬರುವಾಗ ದಾರಿಯ ಕೆರೆಯ ಹತ್ತಿರ ನಿಲ್ಲಿಸಿ ಗಾಡಿಗೆ ಮೊದಲು ನೀರು ಕುಡಿಸಿ ಆಮೇಲೆ ನನ್ನನ್ನು ಕೇಳಿದಿರಿ. ಆ ಸಿಟ್ಟು ನನಗೆ ಮನೆ ಮುಟ್ಟುವವರೆಗೂ ಇತ್ತು. ಈಗ ಆ ಸಿಟ್ಟೂ ಬೇಕೆನಿಸುತ್ತದೆ.

ಪೆಟ್ರೋಲು ಸಿಗದಾಗಿ ನೀವು ಸೈನ್ಯಕ್ಕೆ ಹೊರಟಾಗ, ನಿಂತಲ್ಲೇ ಟಾಯರು ಹಾಳಾಗಬಾರದೆಂದು ಗಾಡಿಯನ್ನು ನಾಲ್ಕು ಜಾಲಿ ದಿಮ್ಮಿಗಳ ಮೇಲೆ ಕೂಡಿಸಿದಿರಿ. ಇಡೀ ದಿನ ನನ್ನನ್ನೂ ಜೊತೆಗೆ ದುಡಿಸಿದಿರಿ. "ಜಾಕ ಇರೂದು ಎತ್ತಾಕ ಅಷ್ಟ. ಹೊತ್ತು ನಿಲ್ಲಾಕ ದಿಮ್ಮಿ ಬೇಕು. ಎರಿ ಮಣ್ಣ ನಂಬಬ್ಯಾಡ, ಅಡ್ಯಾಗ ಹಲಗಿ ಹಾಕು. ಒಮ್ಮಿ ದೂಕಿ ನೋಡದ ಯಾರನೂ ಕೆಳಗ ಬಿಡಬ್ಯಾಡ" ಎಂದು ಪಾಠ ಹೇಳಿದಿರಿ. ಹೆಂಗಸಿಗೆ ಇದೆಲ್ಲ ಯಾಕೆ ಎಂದು ಅತ್ತೆಯವರು ಗೊಣಗಿದರು. ನನಗೋ, ನಿಮ್ಮ ಪಕ್ಕದಲ್ಲಿ ನಿಲ್ಲಲು ಅದೊಂದು ನೆಪವಾಗಿತ್ತು.

ಕೊಡುವುದಾದರೂ ಖಂಡೇನವಮಿಯ ಆಯುಧಪೂಜೆ ಮಾಡಿಯೇ ಕೊಡಬೇಕೆಂದು ಅತ್ತೆಯವರು ಹಟ ಹಿಡಿದರು. ಪೂಜೆ ಎಂದರೆ ಗಾಲಿ ಲಿಂಬೆಹಣ್ಣಿನ ಮೇಲೆ ಹಾಯಬೇಕಲ್ಲ, ಗಾಲಿಗಳೋ ಗಾಳಿಯಲ್ಲಿ. ಧೂಳಪ್ಪ ಬೆಳಿಗ್ಗೆಯೇ ಜಾಕು ತಂದ. ಮುಂದಿನ ಕಡೆ ಕಲ್ಲುಹಾಸಿನ ನೆಲವಿದ್ದುದರಿಂದ ಎರಡೂ ಗಾಲಿ ಸುಖವಾಗಿ ಇಳಿದವು, ಉರುಳದಂತೆ ಅವಕ್ಕೆ ಕಲ್ಲು ಕೊಟ್ಟೆ. ಹಿಂದಿನ ಕಡೆ ಎರೆ ನೆಲ. ಮಳೆಗೆ ಮೇಲಿನ ತಗಡು ಸೋರಿ ಹಸಿಯಾಗಿತ್ತು. ಹಲಗೆ ತರುತ್ತೇನೆ ತಡಿ ಎಂದೆ. "ಮುಂದಿಂದು ಇಳೀಲಿಲ್ಲೇನ ಅತ್ತಿಗೆವ್ವಾ, ಹಿಂದಿಂದಕ್ಯಾಕ ಹಲಗಿ? ಲಿಂಬಿಹಣ್ಣ ತಯಾರ ಇಡ ನೀ" ಎಂದು ಜಾಕು ಏರಿಸಿಯೇಬಿಟ್ಟ.

ಒಂದು ದಿಮ್ಮಿ ಹೊರಬಂತು. ಇನ್ನೊಂದು ಮಣ್ಣಲ್ಲಿ ಹೂತು ಜಗ್ಗಲಿಲ್ಲ. ಅವನು ಬೋರಲು ಮಲಗಿ ತಲೆ ಒಳಗೆ ಹಾಕಹೊರಟ. ನಾನು ಅವನ ಧೋತರ ಹಿಡಿದು ಜಗ್ಗಿ, ಸ್ಟೆಪ್ನಿ ಗಾಲಿಯನ್ನು ಅಡಿಯಲ್ಲಿ ಅಡ್ಡ ಮಲಗಿಸಿ, ತೆಗೆದ ದಿಮ್ಮಿಯನ್ನು ಅದರ ಮೇಲೆ ಇಟ್ಟೆ. ಅವನು ನಕ್ಕ. ಒಳಗೆ ಹೋದ. ನೋಡನೋಡುತ್ತಿದ್ದಂತೆ ಜಾಕು ವಾಲಿತು, ಕೆಸರಿಗೆ ಇಳಿಯಿತು, ಗಾಡಿ ಧಡ್ ಎಂದು ಕುಸಿದು ಆ ದಿಮ್ಮಿಯ ಮೇಲೆ ಕೂತಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ "ಅತ್ತಿಗೆವ್ವಾ, ಕಾಲ ಹಿಡದ ಎಳಿ" ಎಂದ. ಎಳೆದೆ. ತಲೆ ಬಂತು, ಅದಕ್ಕೆ ಸುತ್ತಿದ್ದ ಪಟಕಾ ಅಡಿಯಲ್ಲೇ ಸಿಕ್ಕಿಕೊಂಡಿತ್ತು. ಅವನು ಅಂಗಳದಲ್ಲಿ ಕೂತು ಎಷ್ಟೋ ಹೊತ್ತು ತನ್ನ ತಲೆಯನ್ನೇ ಮುಟ್ಟಿ ಮುಟ್ಟಿ ನೋಡಿಕೊಂಡ.

ಅತ್ತೆಯವರು ಅಂಗಳಕ್ಕೆ ಬಂದರು. ಲಿಂಬೆಹಣ್ಣುಗಳನ್ನು ನೆಲಕ್ಕಿಟ್ಟು, ನೋಯುವ ಕಾಲಿನಿಂದ ತಾವೇ ಒಂದೊಂದಾಗಿ ತುಳಿದರು. "ಆತು ಬೇ ಪೂಜಿ, ಸಾಕು" ಎಂದು ನನ್ನ ಕೆನ್ನೆ ಸವರಿದರು. ಮದುವೆಯಾಗಿ ಬಂದಾಗಿನಿಂದ ಅವರು ಹಾಗೆ ಸವರಿದ್ದು ನನಗೆ ನೆನಪಿಲ್ಲ. ನಾನು ಒಳಗೆ ಹೋಗಿ ಕಣ್ಣೀರು ಹಾಕಿದೆ, ಈ ಸಲ ಹೊಗೆ ಎನ್ನಲಿಲ್ಲ. ಮಧ್ಯಾಹ್ನ ಹಲಗೆ ಹಾಕಿ ಮತ್ತೆ ಎತ್ತಿ, ಹಿಂದಿನ ದಿಮ್ಮಿಗಳನ್ನು ಮೊದಲಿನಂತೆ ಕೂಡಿಸಿದೆವು. ಧೂಳಪ್ಪ ನಾನು ಹೇಳಿದಂತೆ ಕೇಳಿದ. ನೀವು ನಂಬಲಿಕ್ಕಿಲ್ಲ.

ಎಣ್ಣೆ ಹಚ್ಚಿಕೊಳ್ಳಿ, ಕೆಮ್ಮಿಗೆ ಶುಂಠಿ ಕಷಾಯ ಬಿಡಬೇಡಿ. ಅತ್ತೆಯವರ ಆಶೀರ್ವಾದ, ಧೂಳಪ್ಪನ ಶರಣು. ಅಂಚೆಯವನು ಹೋಗುವ ಹೊತ್ತಾಯಿತು.

ನಿಮ್ಮ
ಅಕ್ಕನಾಗಮ್ಮ

ತಾ.ಕ.: ನಿನ್ನೆ ಚಮನಸಾಬ ಕಾಕಾ ಗಾಡಿ ಒಯ್ಯಲು ಬಂದಿದ್ದರು. ಹಿಂದಿನ ಗಾಲಿಗಳು ಇನ್ನೂ ಮೇಲೆಯೇ ಇವೆ, ಜಾಕಿನ ಹಿಡಿ ಎಲ್ಲೋ ಕಳೆದಿದೆ ಎಂದೆ. ಅವರು ನನ್ನ ಮುಖ ನೋಡಿ, "ಇರ್ಲಿ ಬಿಡವಾ, ಯಜಮಾನ್ರು ಬರ್ಲಿ" ಎಂದು ಚಹಾ ಕುಡಿದು ತಿಕೋಟಾಕ್ಕೆ ಹೋದರು. ಹಿಡಿ ನನ್ನ ಟ್ರಂಕಿನಲ್ಲಿದೆ, ಮದುವೆಯ ಸೀರೆಯ ಕೆಳಗೆ. ನಿಮ್ಮ ಕೈಗಲ್ಲದೆ ಯಾರಿಗೂ ಕೊಡುವುದಿಲ್ಲ.