ಮಸ್ಕಿ ಅಯ್ಯನವರ ಮರೆವು

ಆಗಸ್ಟ್ ೪, ಸೋಮವಾರ. ಬೆಳಗ್ಗೆ ೬-೩೦

ಬಿ.ಪಿ. ಗುಳಿಗೆ ಆಯಿತು. ಶಾಸನದ ಗುಡ್ಡದ ತನಕ ನಡೆದು ಬಂದೆ. ಪ್ರಾರ್ಥನೆಯಲ್ಲಿ ಇವತ್ತು ಹದಿನೇಳು ಹೆಸರು. ಅದರಲ್ಲಿ ನಾಲ್ಕು ಜನ ನನ್ನನ್ನು ಕಂಡರೆ ಮುಖ ತಿರುಗಿಸುವವರು. ಇರಲಿ.

ನಿನ್ನೆಯ ಆರಾಧನೆ ನೆನೆದರೆ ಇನ್ನೂ ಸಿಟ್ಟು ಇಳಿದಿಲ್ಲ. ಹೊಸ ಪಾಸ್ಟರು ಕೀಬೋರ್ಡ್ ತಂದಿದ್ದಾರೆ. ಆಳೆತ್ತರದ ಎರಡು ಸ್ಪೀಕರ್ ತಂದಿದ್ದಾರೆ. ಪ್ರಸಂಗ ಮಾತ್ರ ಹನ್ನೆರಡು ನಿಮಿಷ. ಗಡಿಯಾರ ನೋಡಿಯೇ ಕೂತಿದ್ದೆ. ನಾನಿದ್ದಾಗ ಪೀಠಿಕೆಗೇ ಅಷ್ಟು ಹೊತ್ತು ಬೇಕಿತ್ತು.

ಮಧ್ಯಾಹ್ನ ೩

ಸಿಂಧನೂರಿನಿಂದ ಮಗ ಪಂಪಾಪತಿಯ ಫೋನ್. ಅವನ ಮಗಳು ಅನುಪಮಾಳ ಮೇಲೆ ತಕರಾರು ಅರ್ಜಿ ಹಾಕಿದ್ದಾರಂತೆ.

ಹುಡುಗಿ ಐದು ವರ್ಷ ಕೋಚಿಂಗ್, ಪರೀಕ್ಷೆ, ಕೋಚಿಂಗ್ ಅಂತ ಒದ್ದಾಡಿದಳು. ಗ್ರಾಮ ಆಡಳಿತಾಧಿಕಾರಿ ಅಂತ ಹೆಸರು ಬಂದು ಇನ್ನೂ ತಿಂಗಳಾಗಿಲ್ಲ. ಎಸ್ಸಿ ಕೋಟಾ. ಜಾತಿ ಸರ್ಟಿಫಿಕೇಟು ಖರೆ ಅಂತ ಸಿಂಧುತ್ವ ಪತ್ರ ಆಗದೆ ಆರ್ಡರ್ ಕೊಡುವುದಿಲ್ಲ. ಈಗ ಅರ್ಜಿ — ಹುಡುಗಿ ಕ್ರೈಸ್ತಳು, ಅವಳ ತಾತ ರಿಟೈರ್ಡ್ ಪಾಸ್ಟರ್, ಆದ್ದರಿಂದ ಕಾನೂನಿನ ಪ್ರಕಾರ ಎಸ್ಸಿ ಅಲ್ಲ, ನೌಕರಿ ಕೊಡಬಾರದು.

ಎಸ್ಸಿ ಅಲ್ಲವಂತೆ. ೧೯೬೯ರಲ್ಲಿ ಜವಳಗೇರಾದ ಹೋಟೆಲಿನಲ್ಲಿ ನಮ್ಮಪ್ಪ ಗಾಳೆಪ್ಪನಿಗೂ ನನಗೂ ಹೊರಗೆ, ಗೋಡೆಯ ಪಕ್ಕ ಬೇರೆ ಗ್ಲಾಸು. ಮೇಲಿನಿಂದ ಚಹಾ ಸುರಿದವನು ನಾವು ಯಾವ ದೇವರಿಗೆ ಕೈ ಮುಗಿಯುತ್ತೇವೆ ಅಂತ ಕೇಳಲಿಲ್ಲ. ಅಪ್ಪನ ಜೇಬಿನಲ್ಲಿ ಶಿಲುಬೆ ಇತ್ತು. ಅದನ್ನು ತೋರಿಸಿದ್ದರೆ ಒಳಗೆ ಕರೆಯುತ್ತಿದ್ದನೇ? ಗ್ಲಾಸು ಬೇರೆ ಇಡುವಾಗ ಇಲ್ಲದ ವಿಚಾರಣೆ ನೌಕರಿ ಕೊಡುವಾಗ ಎಲ್ಲಿಂದ ಬಂತು?

ನಮ್ಮ ಕೇರಿಯಲ್ಲಿ ಪ್ರತಿ ವಿಶ್ವಾಸಿಗೂ ಎರಡು ಹೆಸರು. ಶಾಲೆಗೊಂದು, ಚರ್ಚಿನ ಸಭೆಗೊಂದು. ಮಗ ಶಾಲೆಯಲ್ಲಿ ಪಂಪಾಪತಿ, ಸಭೆಯಲ್ಲಿ ಸತ್ಯಾನಂದ. ಶಾಲೆಗೆ ಹಚ್ಚುವಾಗ ಮಾಸ್ತರರು ಹಿಂದೂ ಅಂತ ಬರೆದರು, ನಾವೂ ಸುಮ್ಮನಿದ್ದೆವು. ಊರಿಗೆಲ್ಲ ಗೊತ್ತಿದ್ದ ವಿಷಯ. ಯಾರೂ ಬಾಯಿ ಬಿಟ್ಟಿರಲಿಲ್ಲ.

ಇದು ಅಂಬಪ್ಪನದೇ ಕೆಲಸ. ಸಭೆಯ ಸೆಕ್ರೆಟರಿ. ಚರ್ಚಿಗೆ ನಾವು ಗುಡಿ ಅನ್ನುವುದು, ಆ ಗುಡಿಯ ಕಂಪೌಂಡಿನಲ್ಲಿ ಅಂಗಡಿ ಕಟ್ಟಿಸಲು ನಾನು ಬಿಡಲಿಲ್ಲ ಅಂತ ಮೂರು ವರ್ಷದಿಂದ ಹಲ್ಲು ಕಡಿಯುತ್ತಿದ್ದಾನೆ. ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ.

"ಅಯ್ನೋರ, ನನಗ ಏನೂ ಗೊತ್ತಿಲ್ರಿ, ಕೂಸಿನ ಹೊಟ್ಟಿ ಮ್ಯಾಲ ಹೊಡಿಯೋನಲ್ಲ ನಾ" ಅಂದ. ಅವನ ಮಾತು ಮುಗಿಯುವ ಮೊದಲೇ ಫೋನ್ ಇಟ್ಟೆ.

ಆಗಸ್ಟ್ ೬, ಬುಧವಾರ

ಪಂಪಾಪತಿ ಬೆಳಗಿನ ಬಸ್ಸಿಗೆ ಬಂದ. ಚಪ್ಪಲಿ ಬಿಡುವ ಮೊದಲೇ ಫೋನ್ ಮುಂದೆ ಹಿಡಿದ.

"ಇದನ್ನ ನೋಡು ಅಪ್ಪ. ಅರ್ಜಿ ಜೋಡಿ ಪೆನ್‌ಡ್ರೈವ್‌ನ್ಯಾಗ ಹಾಕಿ ಕೊಟ್ಟಾರ."

ನೋಡಿದೆ. ನಮ್ಮ ಗುಡಿ. ಜುಲೈ ೧೩ರ ಆರಾಧನೆ. ಬಿಳಿ ಅಂಗಿ ಹಾಕಿ ಮೈಕು ಹಿಡಿದು ನಿಂತವನು ನಾನೇ.

ಮನೆಯಲ್ಲಿ ಒಳ್ಳೆಯದಾದರೆ ಸಭೆಯ ಮುಂದೆ ಎದ್ದು ಸಾಕ್ಷಿ ಹೇಳಬೇಕು, ದೇವರು ಮಾಡಿದ್ದನ್ನು ಬಾಯಿ ತುಂಬ ಹೇಳಿ ಕಾಣಿಕೆ ಕೊಡಬೇಕು. ನಲವತ್ತು ವರ್ಷ ನಾನೇ ಜನರಿಗೆ ಕಲಿಸಿದ ಪದ್ಧತಿ. ಹೇಳಿದ್ದೇನೆ. "ಮೂರು ತಿಂಗಳ ಕೂಸಿದ್ದಾಗ ಈ ಕೈಯಿಂದಲೇ ದೀಕ್ಷಾಸ್ನಾನ ಕೊಟ್ಟೆ, ಆ ಕೂಸು ಇವತ್ತು ಸರಕಾರಿ ಅಧಿಕಾರಿ." ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಇಸವಿ ಹೇಳಿದ್ದೇನೆ. ತಾರೀಕು ಹೇಳಿದ್ದೇನೆ. ಶಾಲೆಯದು, ಸಭೆಯದು, ಅವಳ ಎರಡೂ ಹೆಸರು ಹೇಳಿದ್ದೇನೆ. ಮುಖದಲ್ಲಿ ಎಷ್ಟು ಜಂಬ ನೋಡಬೇಕು. ಮುದುಕನ ನಾಲಿಗೆಗೆ ಬೆಂಕಿ ಹಾಕ.

ಪಾಸ್ಟರ್ ಕಡೆಯವರು ಅದನ್ನು ಯೂಟ್ಯೂಬಿಗೆ ಹಾಕಿದರು. ಲಿಸ್ಟಿನಲ್ಲಿ ಅನುಪಮಾಳ ಕೆಳಗಿನ ಹೆಸರಿನವನು ಹುಡುಕಿ ತೆಗೆದ. ಅಂಬಪ್ಪನಿಗೂ ಇದಕ್ಕೂ ಸಂಬಂಧವಿಲ್ಲ.

"ಬ್ಯಾರೆ ಪುರಾವೆ ಏನೈತಿ?" ಎಂದು ಮಗ ಕೇಳಿದ. ಏನೂ ಇಲ್ಲ. ಆ ವರ್ಷದ ರಿಜಿಸ್ಟರ್ ಹಳೆಯ ಮಾಳಿಗೆ ಸೋರಿ ೨೦೦೯ರಲ್ಲೇ ಕೊಳೆತು ಹೋಗಿದೆ. ಇರುವುದು ನನ್ನ ಬಾಯಿ ಒಂದೇ. ವಿಚಾರಣೆಗೆ ನನ್ನನ್ನು ಕರೆಯುತ್ತಾರಂತೆ.

ಅಂಬಪ್ಪನಿಗೆ ಫೋನ್ ಮಾಡಿ ತಪ್ಪಾಯಿತು ಅನ್ನಬೇಕು. ಇವತ್ತು ಆಗುವುದಿಲ್ಲ.

ಆಗಸ್ಟ್ ೯, ಶನಿವಾರ. ಸಿಂಧನೂರು

ಮಗನ ಮನೆ. ಅನುಪಮಾ ಬಾಗಿಲು ತೆಗೆದಳು, ನೀರು ಕೊಟ್ಟಳು, ಒಳಗೆ ಹೋದಳು. ಊಟದ ಹೊತ್ತಿಗೆ ನಾನೇ ಬಾಯಿ ಬಿಟ್ಟೆ. ನನ್ನಿಂದ ತಪ್ಪಾಯಿತು ಅಂದೆ.

"ತಾತ, ನಿನಗ ಎದ್ದು ನಿಂದ್ರು ಅಂತ ಯಾರು ಹೇಳಿದ್ರು?"

"ಸಾಕ್ಷಿ ಹೇಳೋದು ತಪ್ಪೇನವ್ವಾ?"

"ನೌಕರಿ ಸಿಕ್ಕಿದ್ದು ನನಗ. ಸಾಕ್ಷಿ ಹೇಳೋದಿದ್ರ ನಾ ಹೇಳ್ತಿದ್ದೆ. ನೀ ನನ್ನ ಕೇಳಿದ್ದೇನು?"

ಕೇಳಿರಲಿಲ್ಲ.

"ಹಂಗಂತ ನಾ ಯೇಸುನ್ನ ಬಿಡಾಂಗಿಲ್ಲ ತಾತ. ನೌಕರಿನೂ ಬಿಡಾಂಗಿಲ್ಲ. ಎರಡ್ರಾಗ ಒಂದು ತಗೋ ಅಂತ ನನಗ ಕೇಳಾಕ ಅವರ‍್ಯಾರು?" ಅನ್ನುತ್ತಾ ತಟ್ಟೆ ಸರಿಸಿದಳು. "ಮೂರು ಸಲ ಒಂದೆರಡು ಮಾರ್ಕಿನಾಗ ಹೋಗಿತ್ತು. ಇದು ನಾಕನೇದು. ಇದೂ ಹೋದ್ರ ನನ್ನ ಐದು ವರ್ಷನೂ ಹೋತು, ತಲೀನೂ ಹೋತು."

ಸಿಟ್ಟಿನಲ್ಲಿ ಥೇಟ್ ನನ್ನ ಹಾಗೆಯೇ. ಹೆಮ್ಮೆಪಡುವ ಹೊತ್ತು ಇದಲ್ಲ.

ಆಗಸ್ಟ್ ೧೭, ಭಾನುವಾರ

ಮಗ ಉಪಾಯ ತಂದಿದ್ದಾನೆ. ಕೇಳಿ ಮೈ ಉರಿಯಿತು.

ನನಗೆ ಮರೆವಿನ ರೋಗ ಅಂತ ಮಾಡುವುದು. ಲಿಂಗಸುಗೂರಿನಲ್ಲಿ ಬೀಗರ ಕಡೆಯ ಡಾಕ್ಟರ್ ಇದ್ದಾರೆ. ಅವರಿಂದ ಒಂದು ಚೀಟಿ — ಎರಡು ವರ್ಷದಿಂದ ನೆನಪು ಕೆಟ್ಟಿದೆ, ಯಾರದೋ ಮಗುವಿನ ಜಾಗದಲ್ಲಿ ಮೊಮ್ಮಗಳನ್ನು ಸೇರಿಸಿ ಮಾತಾಡುತ್ತಾನೆ. ವಿಡಿಯೋಕ್ಕೆ ಬೆಲೆ ಇಲ್ಲ. ಮುಗೀತು.

"ಏನಲೇ, ನನ್ನ ಹುಚ್ಚನ್ನ ಮಾಡ್ತಿಯೇನು?" ಅಂದೆ.

"ಹುಚ್ಚ ಅಲ್ಲಪ್ಪ. ಮರೆವು. ಈ ವಯಸ್ಸಿನಾಗ ಎಲ್ಲಾರಿಗೂ ಬರ್ತದ."

"ನನಗ ಬಂದಿಲ್ಲ. ಸಾವಿರದ ಮ್ಯಾಲ ದೀಕ್ಷಾಸ್ನಾನ ಕೊಟ್ಟೀನಿ. ಒಂದು ಹೆಸರು ಮರೆತಿಲ್ಲ."

"ಅದೇ ನೋಡು ನಮ್ಮ ತ್ರಾಸು" ಅಂದ. ತಲೆ ತಗ್ಗಿಸಿ ಕೂತ. ಅವನ ಸರಕಾರಿ ಮಾಸ್ತರಿಕೆಯೂ ಅದೇ ಎಸ್ಸಿ ಸರ್ಟಿಫಿಕೇಟಿನ ಮೇಲೆ ಸಿಕ್ಕಿದ್ದು, ತನಿಖೆ ಮುಂದುವರಿದರೆ ಅದಕ್ಕೂ ಕುತ್ತು ಬರುತ್ತದೆ ಅಂತ ಹೇಳಲಿಲ್ಲ. ನನಗೆ ಗೊತ್ತು.

ಅಡುಗೆ ಮನೆಯಿಂದ ಸಂಗಮ್ಮ ಬಂದಳು. ಐವತ್ತು ವರ್ಷದ ಸಂಸಾರದಲ್ಲಿ ಗಟ್ಟಿಯಾಗಿ ಮಾತಾಡಿದ್ದು ಬೆರಳಲ್ಲಿ ಎಣಿಸಬಹುದು.

"ನಿಮ್ಮ ಸೇವಾ ಸೇವಾ ಅಂತ ವರ್ಷಕ್ಕೊಂದು ಊರು ತಿರಿಗೀವಿ. ಮುದಗಲ್‌ನ್ಯಾಗ ಈ ಹುಡುಗ ಜ್ವರದಾಗ ಬಿದ್ದಾಗ ನೀವು ಯಾರದೋ ಲಗ್ನಕ್ಕ ಹೋಗಿದ್ರಿ. ನಾ ಏನಾರ ಅಂದೀನೇನ್ರಿ? ಈಗ ಅಂತೀನಿ. ಒಂದು ಸಲ ಮನಿ ಮಂದಿ ಸಲುವಾಗಿ ಸಣ್ಣೋರಾಗ್ರಿ."

ಸುಳ್ಳು ಹೇಳು ಅಂತ ಪಾಸ್ಟರನ ಹೆಂಡತಿಯ ಬಾಯಲ್ಲಿ. ಎದ್ದು ಹೊರಗೆ ಹೋದೆ. ಕೂಗಾಡಿದೆ ಕೂಡ. ಪಕ್ಕದ ಮನೆಯ ಅರ್ಜುಮಂದ್ ಬಾಗಿಲಲ್ಲಿ ಬಂದು ನಿಂತಳು. ಮೂವತ್ತು ವರ್ಷದ ನೆರೆ, ಆದರೂ ನಾಚಿಕೆಯಾಯಿತು.

ಸೆಪ್ಟೆಂಬರ್ ೨, ಮಂಗಳವಾರ. ಲಿಂಗಸುಗೂರಿನಿಂದ ಬಂದು

ಎರಡು ವಾರ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಮನೆಯಲ್ಲಿ ಯಾರ ಜೊತೆಗೂ ಮಾತಿಲ್ಲ.

ಕೊನೆಗೆ ಡಾಕ್ಟರ ಹತ್ತಿರ ಹೋದೆ. ಹೋಗಿ ಬರೋಣ ಅಂತ ಮಾತ್ರ ಒಪ್ಪಿದ್ದು. ಡಾಕ್ಟರ್ ಸಣ್ಣ ವಯಸ್ಸಿನವರು. ಚೀಟಿ ಸುಮ್ಮನೆ ಬರೆದುಕೊಡುವುದಿಲ್ಲ, ಪರೀಕ್ಷೆ ಮಾಡಲೇಬೇಕು ಅಂದರು. ಸರಿ ಅನಿಸಿತು.

ಇವತ್ತು ಯಾವ ವಾರ? ಹೇಳಿದೆ. ನೂರರಲ್ಲಿ ಏಳು ಕಳೆಯುತ್ತಾ ಬನ್ನಿ. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು... ಎರಡರ ತನಕ ಬಂದೆ. ಮೊದಲಿಗೆ ಹೇಳಿದ್ದ ಐದು ವಸ್ತು ನೆನಪಿವೆಯೇ? ಐದೂ ಹೇಳಿದೆ, ಅವರ ಮೇಜಿನ ಮೇಲಿದ್ದ ಇನ್ನೂ ನಾಲ್ಕು ಸೇರಿಸಿದೆ. ಸುಮ್ಮನಿರಲು ಆಗಲಿಲ್ಲ. ತಪ್ಪು ಉತ್ತರ ಬಾಯಿಗೆ ಬರಲೇ ಇಲ್ಲ.

"ಅಯ್ನೋರ, ನಿಮ್ಮ ನೆನಪು ನನ್ನಕಿಂತ ಚಲೋ ಐತ್ರಿ. ನಾ ಏನಂತ ಬರೀಲಿ?" ಅಂತ ಡಾಕ್ಟರ್ ನಕ್ಕರು.

ಬಸ್ ಸ್ಟ್ಯಾಂಡಿನಲ್ಲಿ ಮಗ ಹಿಡಿದುಕೊಂಡ.

"ಒಂದರ ತಪ್ಪು ಹೇಳಬಾರದೇನಪ್ಪ? ನಿನ್ನ ಶಾಣ್ಯಾತನ ತೋರ್ಸಾಕ ಬಂದಿದ್ದೇನಿಲ್ಲಿಗೆ?"

ಅಷ್ಟು ಜನರ ಮುಂದೆ ಕಣ್ಣಲ್ಲಿ ನೀರು ತಂದುಕೊಂಡ. ಐವತ್ತರ ಹತ್ತಿರ ಬಂದ ಗಂಡಸು. ನಾನೂ ಸುಮ್ಮನಿರಲಿಲ್ಲ. ಅವನು ಸಿಂಧನೂರಿನ ಬಸ್ಸಿಗೆ, ನಾನು ಒಬ್ಬನೇ ಮಸ್ಕಿಯ ಬಸ್ಸಿಗೆ.

ಸೆಪ್ಟೆಂಬರ್ ೧೦, ಬುಧವಾರ

ನಾಳೆ ವಿಚಾರಣೆ, ಲಿಂಗಸುಗೂರಿನಲ್ಲಿ. ಚೀಟಿ ಇಲ್ಲ. ನನ್ನನ್ನು ಏನು ಕೇಳುತ್ತಾರೋ ಅದಕ್ಕೆ ಸತ್ಯ ಹೇಳುತ್ತೇನೆ ಅಂತ ಸಂಗಮ್ಮನಿಗೆ ಹೇಳಿದ್ದೇನೆ. ಅವಳು ಒಗೆದ ಅಂಗಿ ತಂದು ಮಂಚದ ಮೇಲಿಟ್ಟಳು.

ದೇವರೇ, ನಿನ್ನ ಮೇಲೂ ಸಿಟ್ಟಿದೆ. ಬರೆದಿಡುತ್ತೇನೆ. ನಿನ್ನನ್ನು ನಂಬಿದ್ದಕ್ಕೆ ಇವರು ಕೂಸಿನ ತುತ್ತು ಕಸಿಯುತ್ತಾರೆ, ನೀನು ನೋಡುತ್ತೀ.

ಸೆಪ್ಟೆಂಬರ್ ೧೧, ಗುರುವಾರ. ಸಂಜೆ

ಆಯಿತು.

ಪದ್ಮಾವತಿ ಅಂತ ಅಧಿಕಾರಿ. ಕೆಟ್ಟ ಹೆಂಗಸಲ್ಲ. ಕುರ್ಚಿ ಹಾಕಿಸಿದರು, ನೀರು ತರಿಸಿದರು. ಒಬ್ಬ ಗುಮಾಸ್ತ ಬರೆದುಕೊಳ್ಳುತ್ತಿದ್ದ. ಬಾಗಿಲ ಹತ್ತಿರದ ಬೆಂಚಿನಲ್ಲಿ ಅನುಪಮಾ, ಮಡಿಲಲ್ಲಿ ಫೈಲು. ಇತ್ತ ಅರ್ಜಿ ಹಾಕಿದ ಹುಡುಗ. ಅವನ ಅಂಗಿಯ ಕಾಲರು ಹರಿದಿತ್ತು. ಅವನ ಮೇಲೆ ಸಿಟ್ಟು ಹಿಡಿದು ನಿಲ್ಲಿಸಲು ಆಗಲಿಲ್ಲ.

ವಿಡಿಯೋ ಹಚ್ಚಿದರು. "ಇದರಾಗ ಮಾತಾಡೋರು ನೀವೇ ಏನ್ರಿ ಅಜ್ಜಾರ?"

ಹೌದು ಅನ್ನಲು ಬಾಯಿ ತೆರೆದೆ. ಅನುಪಮಾ ನನ್ನ ಕಡೆ ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದಳು. ಏನಾಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ತನ್ನ ತಾತ ಎಂಥವನು ಅಂತ ಅವಳಿಗಿಂತ ಯಾರಿಗೆ ಗೊತ್ತು.

"ನನ್ನಂಗ ಕಾಣ್ತಾನ್ರಿ" ಅಂದೆ.

ಅಧಿಕಾರಿ ಪೆನ್ನು ಕೆಳಗಿಟ್ಟರು. ಇದು ಯಾವ ಊರು ಅಂತ ಕೇಳಿದರು. ಬಳಗಾನೂರು ಅಂದೆ. ಇವತ್ತು ಯಾವ ವಾರ? ಭಾನುವಾರ, ಗುಡಿಗೆ ಹೊತ್ತಾತು, ಬಿಡ್ರಿ ನನ್ನ ಅಂದೆ. ಡಾಕ್ಟರ ಮುಂದೆ ಬಾರದ ತಪ್ಪುಗಳು ಒಂದರ ಹಿಂದೆ ಒಂದು ಬಂದವು. ಯಾರೂ ಕಲಿಸಿರಲಿಲ್ಲ.

ಆಮೇಲೆ ಅನುಪಮಾಳನ್ನು ಎದುರಿಗೆ ಕರೆದು ನಿಲ್ಲಿಸಿದರು.

"ಈಕಿ ಯಾರು, ಗುರ್ತು ಐತೇನ್ರಿ?"

ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಹಣೆಯ ಮೇಲೆ ಚಿಕ್ಕಂದಿನಲ್ಲಿ ನಮ್ಮ ಕಟ್ಟೆಯಿಂದ ಬಿದ್ದ ಕಲೆ. ನೋಡಿದೆ.

"ಗೊತ್ತಿಲ್ರಿ ತಾಯಿ. ಯಾರ ಮನಿ ಹುಡುಗಿ?"

ಗುಮಾಸ್ತ ಬರೆದುಕೊಂಡ. ಅನುಪಮಾ ಅಳಲು ಶುರು ಮಾಡಿದಳು. ಅದು ನಟನೆಯಲ್ಲ. ಅಧಿಕಾರಿಯೂ ಅವಳ ಬೆನ್ನು ಸವರಿದರು.

ಊಟ ಬೇಡ ಅಂದೆ.

ಸೆಪ್ಟೆಂಬರ್ ೨೮, ಭಾನುವಾರ

ಸಿಂಧುತ್ವ ಬಂದಿದೆ. ಶುಕ್ರವಾರವೇ ಬಂತು. ಮನೆಯಲ್ಲಿ ಹಬ್ಬ.

ಸುದ್ದಿ ಮಸ್ಕಿ ತುಂಬಾ ಹರಡಿದೆ. ಅಂಗಡಿಯವನು ಚಿಲ್ಲರೆಯನ್ನು ನನ್ನ ಕೈಗೆ ಕೊಡದೆ ಸಂಗಮ್ಮನ ಕೈಗೆ ಕೊಡುತ್ತಾನೆ. ಜನ ಮಾತಾಡುವಾಗ ದನಿ ಏರಿಸಿ, ಒಂದೊಂದೇ ಶಬ್ದ ಬಿಡಿಸಿ ಹೇಳುತ್ತಾರೆ. ನನಗೆ ಕಿವುಡೂ ಅಂತ ಯಾರು ಹೇಳಿದರೋ.

ಇವತ್ತು ಪ್ರಭುಭೋಜನ. ರಿಟೈರ್ ಆದ ಮೇಲೂ ದ್ರಾಕ್ಷಾರಸದ ಪಾತ್ರೆ ಹಿಡಿಯಲು ನನ್ನನ್ನೇ ಕರೆಯುತ್ತಿದ್ದರು. ಎದ್ದೆ. ಅಂಬಪ್ಪ ಮೆಲ್ಲಗೆ ಭುಜ ಒತ್ತಿ ಕೂರಿಸಿದ. "ಬ್ಯಾಡ್ರಿ ಅಯ್ನೋರ, ಚೆಲ್ತದ." ಅವನ ಕಣ್ಣಲ್ಲಿ ಕರುಣೆ ಇತ್ತು. ಹಲ್ಲು ಕಡಿಯುತ್ತಿದ್ದಾಗಲೇ ಚೆನ್ನಾಗಿತ್ತು.

ಆರಾಧನೆ ಮುಗಿದ ಮೇಲೆ ಪಾಸ್ಟರನ್ನು ಒಳಕೋಣೆಯಲ್ಲಿ ಹಿಡಿದೆ. ಬಾಗಿಲು ಹಾಕಿದೆ. ಫೋನ್ ಎಲ್ಲಾ ಹೊರಗಿಡಿಸಿದೆ. ನಾನು ಸುಳ್ಳು ಹೇಳಿದ್ದೇನೆ, ನನಗೆ ಮರೆವಿಲ್ಲ, ಕೂಸನ್ನು ಗೊತ್ತಿಲ್ಲ ಅಂದಿದ್ದೇನೆ, ನನಗಾಗಿ ಪ್ರಾರ್ಥನೆ ಮಾಡಿ ಅಂದೆ. ಯಾರಾದರೂ ಒಬ್ಬರಿಗೆ ಹೇಳದೆ ಇರಲು ಆಗುತ್ತಿರಲಿಲ್ಲ.

ಪಾಸ್ಟರು ನನ್ನ ಎರಡೂ ಕೈ ಹಿಡಿದುಕೊಂಡರು. "ನೀವು ಅಂಥಾದ್ದೇನೂ ಮಾಡಿಲ್ರಿ ಅಯ್ನೋರ. ಆ ಕೂಸು ಬ್ಯಾರೆ ಯಾರದೋ ಇರಬೇಕ್ರಿ. ಫಿಕರ್ ಮಾಡಬ್ಯಾಡ್ರಿ."

ಆಮೇಲೆ ನನ್ನ ನೆನಪು ಮರಳಿ ಬರಲಿ ಅಂತ ಪ್ರಾರ್ಥಿಸಿದರು. ಹನ್ನೆರಡು ನಿಮಿಷಕ್ಕಿಂತ ಹೆಚ್ಚು.

ಅಕ್ಟೋಬರ್ ೬, ಸೋಮವಾರ. ಮಧ್ಯಾಹ್ನ

ಅನುಪಮಾ ಬಂದು ಹೋದಳು. ಬಳಗಾನೂರಿನಲ್ಲಿ ಪೋಸ್ಟಿಂಗ್. ಇವತ್ತೇ ಹಾಜರಾಗಬೇಕು, ದಾರಿಯಲ್ಲಿ ಆಶೀರ್ವಾದಕ್ಕೆ ಇಳಿದಿದ್ದಳು.

ಮನೆಯವರಷ್ಟೇ ಇದ್ದಿದ್ದರೆ... ಕೇರಿಯ ಅರ್ಧ ಜನ ಕಟ್ಟೆಯ ಮೇಲಿದ್ದರು. ಸಂಗಮ್ಮ ಪೇಡೆ ಹಂಚುತ್ತಿದ್ದಳು. ಹುಡುಗಿ ನನ್ನ ಮುಂದೆ ಮೊಣಕಾಲೂರಿದಳು. ಅರ್ಜುಮಂದ್ ಒಳ್ಳೆಯ ಮನಸ್ಸಿನಿಂದಲೇ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು, "ಅಯ್ನೋರ, ನಿಮ್ಮ ಮೊಮ್ಮಗಳ್ರೀ. ಗುರ್ತು ಹಿಡಿದ್ರಿ?"

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಹೌದೇನು? ಚಲೋ ಹುಡುಗಿ" ಅಂದೆ.

ಪಾಪ ಅಂದರು ಯಾರೋ. ತಲೆಯ ಮೇಲೆ ಕೈ ಇಟ್ಟೆ. ಸಭೆಯ ಹೆಸರು ಹಿಡಿದು ಪ್ರಾರ್ಥಿಸುವುದು ವಾಡಿಕೆ. ಹೆಸರಿಲ್ಲದೆ ಪ್ರಾರ್ಥಿಸಿದೆ. ಈ ಮಗಳನ್ನು ಕಾಯಿ ಅಂದೆ, ಅಷ್ಟೇ. ಅವಳು ಏಳಲಿಲ್ಲ. ನನ್ನ ಕೈ ಹಿಡಿದು ತಲೆಯ ಮೇಲೆ ಇನ್ನೂ ಒತ್ತಿಕೊಂಡಳು. ನನಗಷ್ಟೇ ಕೇಳುವ ಹಾಗೆ, "ತಾತ, ಒಂದ್ಸಲ ಹೆಸರು ಹಿಡದು ಕರಿ" ಅಂದಳು.

ಅಷ್ಟು ಜನ. ಕರೆಯಲಿಲ್ಲ. ಹೊರಗೆ ಪಂಪಾಪತಿ ಬಸ್ಸು ಬಂತು ಅಂದ. ಹೋದಳು.

ನಾಲಿಗೆ ಕಚ್ಚಿಕೊಂಡು ಎಷ್ಟು ದಿನ ಬದುಕುವುದು? ಅವಳು ಊರಿಗೆ ಬಂದಾಗಲೆಲ್ಲಾ ಹೀಗೆಯೇ? ನನ್ನ ಬಾಯಿ ಕಟ್ಟಿದರು, ಸರಿ. ಕೈ ಕಟ್ಟಿಲ್ಲ. ಈ ಪುಸ್ತಕವನ್ನು ಯಾರೂ ಓದುವುದಿಲ್ಲ. ಇಲ್ಲಿ ಬರೆಯುತ್ತೇನೆ. ೨೦೦೧, ಜೂನ್ ೩, ಭಾನುವಾರ. ಮಸ್ಕಿ ಸಭೆ. ತಂದೆ ಸತ್ಯಾನಂದ. ನೀರು ಹಾಕಿದವನು ನಾನು. ನೀರು ತಣ್ಣಗಿತ್ತು, ಕೂಸು ಅಳಲಿಲ್ಲ, ನನ್ನ ಮುಖ ನೋಡಿತು. ಕೂಸಿನ ಸಭೆಯ ಹೆಸರು —