ಓರೆಯಾಗಿ ಇಳಿಸಬೇಕಾದ ಬೋರು

ರೆಸ್ಪೆಕ್ಟೆಡ್ ಭೂವಿಜ್ಞಾನಿ ಮೇಡಂ ಅವರಿಗೆ,

'ಐ ಬೆಗ್ ಟು ಸ್ಟೇಟ್' ಅಂತ ಶುರುಮಾಡಿದ್ದೆ. ಕಾಲೇಜಿನಲ್ಲಿ ಕಲಿತ ಮುಂದಿನ ಸಾಲು ಮರೆತುಹೋಗಿದೆ, ಕನ್ನಡದಲ್ಲೇ ಬರೆಯುತ್ತೇನೆ. ನಿಕ್ಕಲ್, ತಾಮ್ರ ಇದೆಯಾ ಎಂದು ನೋಡಲು ನಮ್ಮ ಹೊಲದಲ್ಲಿ ಬೋರು ಹೊಡೆಸಿ ಅಂದವನು ನಾನೇ. ಆ ಮಾತು ತಪ್ಪುವುದಿಲ್ಲ. ಆದರೆ ನೀವು ಕೆಂಪು ಗೂಟ ನೆಟ್ಟ ಜಾಗದಲ್ಲಿ ನನ್ನ ಹೆಂಡತಿಯನ್ನು ಮಣ್ಣು ಮಾಡಿದ್ದೇವೆ. ಕಲ್ಲು ನಿಲ್ಲಿಸಿರಲಿಲ್ಲ, ನಿಮಗಾದರೂ ಹೇಗೆ ಗೊತ್ತಾಗಬೇಕು. ಬೇಲಿಯಾಚೆ ಯಂತ್ರ ನಿಲ್ಲಿಸಿ ಓರೆಯಾಗಿ ಕೊರೆದರೂ ಆಳದಲ್ಲಿ ಅದೇ ಬಂಡೆ ಸಿಗುತ್ತದಂತೆ, ನಿಮ್ಮ ಡ್ರಿಲ್ಲರ್ ಹೇಳಿದರು. ಹಾಗೇ ಮಾಡಿ, ತಾಯಿ. ಬದುಕಿದ್ದಾಗ ಅವಳು, ನಾನು ಮಾತಿಗೆ ಕೂತರೆ, "ಶುರುವಾಯ್ತು ನಿಮ್ಮ ಬೋರು" ಅಂತ ಮುಸುಕೆಳೆದು ಮಲಗುತ್ತಿದ್ದಳು. ನಾನು ಹೊಡೆಸಿದ ಬೋರೇ ಅವಳಿಗೆ ಸಾಕು.

ಯುವರ್ಸ್ ಫೇತ್‌ಫುಲಿ, ಇದೊಂದು ಮರೆತಿಲ್ಲ,
ಹೊಲದ ಯಜಮಾನ